ಹೆದೆ ಇಳಿಸದ ಬಿಲ್ಲು

ಮೊಬೈಲಿನೊಳಗಿನ ಬಿಲ್ಲುಗಾರ ಹೊಳೆಗೆ ಹಾರಿದ, ಮುಳುಗಿದ, ಆಚೆ ದಂಡೆಗೆ ಎದ್ದ, ಮೈಯಿಂದ ನೀರು ಸುರಿಯುತ್ತಿರುವಾಗಲೇ ಮೂವರನ್ನು ಕೆಡವಿದ. ಮುಶಿಗೇರಿಯ ಅರ್ಜುನಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಕಟ್ಟೆಯಾಚೆ ಉಗುಳಿದ. ಬಿಲ್ಲುಗಾರನ ಮೇಲೆಯೇ ಉಗುಳಬೇಕೆಂದಿತ್ತು, ಆದರೆ ಮೊಬೈಲು ಮೊಮ್ಮಗನದು.

"ಹೆದಿ ತೊಯ್ದ ಮ್ಯಾಲ ಬಾಣ ಹಾರತೈತೇನಲೇ? ತೊಯ್ದ ಹೆದಿ ಅಂದ್ರ ಚಡ್ಡಿ ಲಾಡಿ ಇದ್ದಂಗ. ಇಂವಾ ಬಿಟ್ಟ ಬಾಣ ಇವನ ಕಾಲಮ್ಯಾಲ ಬೀಳಬೇಕು."

"ಗೇಮ್ ಅದು ಅಜ್ಜಾ," ಎಂದ ಬೀರಲಿಂಗ, ತಲೆ ಎತ್ತದೆ.

ಅರ್ಜುನಪ್ಪನಿಗೆ ಎಪ್ಪತ್ತೊಂದು ವರ್ಷ. ನಾಲ್ಕು ಎಕರೆ ಎರೆ ಹೊಲ, ಕಡಲೆ, ಜೋಳ, ಒಂದು ಎಮ್ಮೆ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವನನ್ನು ಯಾರೂ ವಿಶೇಷವಾಗಿ ಮಾತನಾಡಿಸುವುದಿಲ್ಲ. ಉಳಿದ ಒಂದು ದಿನ ಅವನಿಲ್ಲದೆ ಊರಿಗೆ ಹಬ್ಬವಿಲ್ಲ. ಬನ್ನಿ ಮುಡಿಯುವ ಸಂಜೆ, ಬನ್ನಿಗಿಡದ ಮುಂದೆ ನೆಟ್ಟ ಬಾಳೆಕಂಬಕ್ಕೆ ಅವನ ಮನೆಯವರು ಬಾಣ ಹೊಡೆಯಬೇಕು. ಬಾಣ ನಾಟಿದ ಮೇಲೆಯೇ ತೋಟಪ್ಪಗೌಡರು ಬನ್ನಿಗೆ ಕೈಹಚ್ಚುವುದು. ನಲವತ್ತಾರು ವರ್ಷ ಅವನೇ ಹೊಡೆದ. ಎರಡು ಸಲ ತಪ್ಪಿತ್ತು ಎಂದು ಊರವರು ಹೇಳುತ್ತಾರೆ. ತಪ್ಪಿಲ್ಲ ಎಂದು ಅರ್ಜುನಪ್ಪ ಹೇಳುತ್ತಾನೆ. ಒಮ್ಮೆ ಗಾಳಿ ಎದುರಿಗಿತ್ತಂತೆ, ಇನ್ನೊಮ್ಮೆ ಬಾಳೆಕಂಬವೇ ಪಕ್ಕಕ್ಕೆ ಸರಿಯಿತಂತೆ.

ಹೋದ ಕಾರಹುಣ್ಣಿಮೆಗೆ ಟ್ರ್ಯಾಕ್ಟರಿನಿಂದ ಬಿದ್ದು ಅವನ ಎಡಭುಜ ಹೋಯಿತು. ಗಜೇಂದ್ರಗಡದ ದವಾಖಾನೆಗೆ ನಾಲ್ಕು ಸಲ ತಿರುಗಿದರೂ ಕೈ ಹೆಗಲಿನ ಮಟ್ಟಕ್ಕೆ ಏರಲಿಲ್ಲ. ಹಾಗಾಗಿ ಈ ವರ್ಷ ಬಿಲ್ಲು ಹಿಡಿಯುವವನು ಬೀರಲಿಂಗ. ಗೌಡರು ಹಿರಿಯರನ್ನು ಕೂಡಿಸಿ ಒಂದು ಮಾತು ಹಾಕಿದ್ದರು: ಹುಡುಗನ ಬಾಣ ನಾಟಿದರೆ ಮಾನ ಆ ಮನೆಗೇ ಇರಲಿ, ತಪ್ಪಿದರೆ ಬರುವ ವರ್ಷದಿಂದ ಕೆಳಗಿನ ಓಣಿಯ ಮೈಲಾರಿಗೆ. ಅಂದಿನಿಂದ ಮೈಲಾರಿ ದಿನಾ ಬಂದು, "ಭುಜಾ ಹ್ಯಾಂಗೈತಿ ಕಾಕಾ?" ಎಂದು ಕೇಳುತ್ತಿದ್ದ. ನೋವಿದೆ ಎಂದರೆ ಅವನ ಮುಖ ಅರಳುತ್ತಿತ್ತು.

ಬೀರಲಿಂಗನಿಗೆ ಇಪ್ಪತ್ತೆರಡು. ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಎದುರಿಗೆ ಗೌಸುಸಾಬನ ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕೆಲಸ. ಒಡೆದ ಸ್ಕ್ರೀನು ಬಿಚ್ಚುವುದರಲ್ಲಿ ಒಳ್ಳೆಯ ಕೈ. ಹಬ್ಬಕ್ಕೆಂದು ಹತ್ತು ದಿನ ರಜೆ ಹಾಕಿ ಬಂದವನು ಆರನೆಯ ದಿನವಾದರೂ ಬಾಣ ಹೊಡೆಯಲು ಕಲಿಯುವ ಮಾತೆತ್ತಿರಲಿಲ್ಲ. ಗೇಮಿನಲ್ಲಿ ಅರವತ್ತನೆಯ ಲೆವೆಲ್ ದಾಟಿದವನಿಗೆ ಬಾಳೆಕಂಬ ಯಾವ ಲೆಕ್ಕ ಎಂಬುದು ಅವನ ವಾದ.

"ನೋಡ ಅಜ್ಜಾ, ಈಗ ಪೂರಾ ಎಳದೀನಿ. ಬಿಡಂಗಿಲ್ಲ. ವೈರಿ ಬರೂ ಮಟಾ ಕಾಯ್ತೀನಿ."

ಮೊಬೈಲಿನವನು ಹೆದೆಯನ್ನು ಎದೆಯ ತನಕ ಎಳೆದುಕೊಂಡೇ ಮೆಟ್ಟಿಲು ಹತ್ತಿದ, ಕೋಟೆಗೋಡೆಯ ಮೇಲೆ ಅಡ್ಡಾಡಿದ, ಎರಡೂ ಕಡೆ ಇಣುಕಿ ನೋಡಿದ. ಉಸಿರು ಸಹ ಏರಲಿಲ್ಲ.

"ಇವನ ಭುಜದಾಗ ಎಲುಬ ಐತೋ, ಕಬ್ಬಿಣದ ಸಲಾಕಿ ಐತೋ?" ಎಂದ ಅರ್ಜುನಪ್ಪ. "ನಮ್ಮ ಬಿಲ್ಲ ಎಳದು ನಿಂದ್ರಲಿ ಮಗಾ. ಐದ ಎಣಸೂದ್ರಾಗ ಕೈ ಥರಾಥರಾ ನಡಗತಾವು. ಮತ್ತ ಆ ಮೊಣಕೈ ನೋಡ, ಬಾವ್ಯಾಗಿಂದ ನೀರ ಸೇದಾವ್ರಂಗ ಕೆಳಗ ಬಿದ್ದೈತಿ. ಬೆನ್ನೀಲೆ ಎಳೀಬೇಕು, ಬೆರಳೀಲೆ ಅಲ್ಲ. ಇದನ್ನ ಮಾಡಿದಾಂವಾ ಬಿಲ್ಲ ನೋಡ್ಯಾನೋ, ಇಲ್ಲಾ ಬರೇ ಕಾಮನಬಿಲ್ಲ ನೋಡ್ಯಾನೋ?"

"ಮಂದಿ ಲಕ್ಷಗಟ್ಲೆ ಆಡ್ತಾರಜ್ಜಾ."

"ಮಂದಿ ಗುಟಕಾನೂ ತಿಂತಾರ. ಬಾಣ ಎಷ್ಟದಾವು ಅವನ ಹಂತೇಕ?"

"ಮುಗಿಯಂಗೇ ಇಲ್ಲ."

ಇದಂತೂ ಅರ್ಜುನಪ್ಪನಿಗೆ ತಡೆಯಲಾಗಲಿಲ್ಲ. "ಮುಗಿಯಂಗಿಲ್ಲಾ! ನಾ ಬಾಣ ಹೊಡದದ್ದಕಿಂತ ಹುಡುಕಿದ್ದ ಹೆಚ್ಚಲೇ. ಎರಿ ಹೊಲದಾಗ ಬಿದ್ದ ಬಾಣ ಹುಡುಕೂದ್ರಾಗ ನನ್ನ ಅರ್ಧಾ ಆಯುಷ್ಯ ಹೋತು."

"ಬಾಣ ಹುಡುಕಾಕ ಹೋಗಿ ಮಂದಿ ಹೊಲದಾಗಿನ ಸೌತಿಕಾಯಿ ತರ್ತಿದ್ರಿ," ಎಂದಳು ತಿಪ್ಪವ್ವ ಒಳಗಿನಿಂದ. ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಕಿವಿ ಬಹಳ ಚುರುಕು.

ಬೀರಲಿಂಗ ಈಗ ತಲೆ ಎತ್ತಿದ. "ಅಜ್ಜಾ, ನಿಮ್ಮಜ್ಜ ಗಜೇಂದ್ರಗಡದ ಕೋಟಿ ಮ್ಯಾಲಿಂದ ಬಿಟ್ಟ ಬಾಣ ರೋಣದ ಸಂತ್ಯಾಗ ಮೆಣಸಿನಕಾಯಿ ಚೀಲಕ್ಕ ನಟ್ಟಿತ್ತಂತಲ್ಲ, ಅದು ಖರೇನು?"

"ಅದು... ಆವಾಗಿನ ಬಿದಿರ ಬ್ಯಾರೆ."

"ದಾರ್ಯಾಗ ಟಿಕೇಟ್ ತಗಸಿತ್ತೇನ ಬಾಣಾ? ಮತ್ತ ಒಂದ ಬಾಣಕ್ಕ ಒಂಬತ್ತ ಗಿಳಿ ಬಿದ್ದದ್ದು? ನಮ್ಮ ಗೇಮಿನಾಂವಾ ಒಮ್ಮಿಗೆ ಮೂರ ಹೊಡದ್ರ ನಿನಗ ನಗಿ ಬರತೈತಿ."

ಒಳಗೆ ತಿಪ್ಪವ್ವ ನಕ್ಕ ಸದ್ದು ಕೇಳಿಸಿತು. ಅರ್ಜುನಪ್ಪ ಧಡಕ್ಕನೆ ಎದ್ದ. "ಬಾ ಒಳಗ. ಖರೇ ಬಿಲ್ಲ ಹೆಂಗಿರತೈತಿ ತೋರಸ್ತೀನಿ."

ನವರಾತ್ರಿಯ ಘಟ್ಟ ಹಾಕಿದ ದಿನದಿಂದ ಬಿಲ್ಲು ದೇವರ ಜಗಲಿಯ ಮೇಲಿತ್ತು. ಅದಕ್ಕೆ ತಿಪ್ಪವ್ವ ಹಸಿರು ಖಣದ ಬಟ್ಟೆ ಹೊದಿಸಿದ್ದಳು, ಅದರ ಮೇಲೆ ಚೆಂಡುಹೂವು. ಅರ್ಜುನಪ್ಪ ಕೈಮುಗಿದು ಖಣ ಸರಿಸಿದ. ಸರಿಸಿದವನು ಹಾಗೆಯೇ ನಿಂತ.

ಬಿಲ್ಲಿಗೆ ಹೆದೆ ಏರಿತ್ತು.

ಅವನ ಅಪ್ಪ ಮಾಡಿದ ಬಿದಿರ ಬಿಲ್ಲು ಅದು. ಹೊಡೆಯುವ ಹೊತ್ತಿಗಷ್ಟೇ ಹೆದೆ ಏರಿಸಬೇಕು, ಹೊಡೆದ ಕೂಡಲೇ ಇಳಿಸಬೇಕು. ಜಗಲಿಯ ಮೇಲೆ ಅದು ನೆಟ್ಟಗೆ ಮಲಗಬೇಕು. ಆರು ದಿನ ಬಿಗಿದು ಕಟ್ಟಿಸಿಕೊಂಡು ಕೂತಿತ್ತು ಪಾಪ. ಅರ್ಜುನಪ್ಪ ಹೆದೆ ಬಿಚ್ಚಿದ. ಬಿದಿರು ನೆಟ್ಟಗಾಗಲಿಲ್ಲ. ಗೌಡರು ಹೋದ ಮೇಲೂ ಬಗ್ಗಿಯೇ ನಿಂತ ಆಳಿನಂತೆ ನಿಂತಿತು.

"ಯಾಂವಲೇ ಹೆದಿ ಏರಿಸಿದಾಂವಾ?"

"ನಾನ ಅಜ್ಜಾ. ಪೂಜಿಗೆ ಚಂದ ಕಾಣಲಿ ಅಂತ. ಗೇಮಿನ್ಯಾಗ ಎಂದೂ ಇಳಸಂಗಿಲ್ಲ, ಬೆನ್ನಿಗೆ ಹಂಗ ಇರತೈತಿ."

"ಗೇಮಿಗೆ ಬೆಂಕಿ ಹಚ್ಚಲಿ! ಆ ಸುಳ್ಳ ಬಿಲ್ಲ ನೋಡಿ ನಮ್ಮಪ್ಪನ ಬಿಲ್ಲ ಕೊಂದ್ಯಲ್ಲೋ!"

"ಬರೇ ಗೇಮ್ ನೋಡಿ ಅಲ್ಲ ಅಜ್ಜಾ," ಎಂದ ಬೀರಲಿಂಗ. ಅವನ ದನಿ ಸಣ್ಣದಾಗಿತ್ತು. "ನೀನೂ ಹೇಳಿದ್ಯಲ್ಲ. ನಿಮ್ಮಜ್ಜ ಹೆದಿ ಇಳಸ್ತಿದ್ದಿಲ್ಲ, ಏರಿಸಿದ ಬಿಲ್ಲ ಹೆಗಲಿಗೆ ಹಾಕ್ಕೊಂಡ ಮಲಗ್ತಿದ್ದ, ಹುಲಿ ಬಂದ್ರ ತಡಾ ಆಗಬಾರದಂತ. ಗೇಮೂ ಅದನ್ನ ಹೇಳತು, ನೀನೂ ಅದನ್ನ ಹೇಳಿದಿ. ಇಬ್ಬರೂ ಒಂದ ಹೇಳಿದ್ರಂತ ಖರೇ ಅನಕೊಂಡೆ."

ಅರ್ಜುನಪ್ಪ ಜಗಲಿಯ ಮುಂದೆ ನೆಲಕ್ಕೆ ಕೂತ. ಇಪ್ಪತ್ತೆರಡು ವರ್ಷದಲ್ಲಿ ಈ ಹುಡುಗನಿಗೆ ಅವನು ಹುಲಿ ಹೇಳಿದ್ದ, ಗಿಳಿ ಹೇಳಿದ್ದ, ಮೆಣಸಿನಕಾಯಿ ಚೀಲ ಹೇಳಿದ್ದ. ಹೆದೆ ಇಳಿಸುವುದನ್ನು ಹೇಳಿರಲಿಲ್ಲ. ಅದರಲ್ಲಿ ಕಥೆ ಎಲ್ಲಿದೆ?

"ಹುಲಿ ಇದ್ದಿಲ್ಲೋ," ಎಂದ ಕೊನೆಗೆ. "ನಮ್ಮಜ್ಜ ಹೊಲಕ್ಕ ಹಂದಿ ಬರದಂಗ ಕಾಯಾಕ ಹೋಗಿ ಅಟ್ಟದ ಮ್ಯಾಲ ಗೊರಕಿ ಹೊಡೀತಿದ್ದ. ಬಿಲ್ಲ ಮನ್ಯಾಗ ಇರ್ತಿತ್ತು."

"ಮತ್ತ ಗಿಳಿ?"

"ಒಂದ. ಅದೂ ಹಾರಿ ಹೋತು."

ಉಳಿದ ದಿನ ಹಿತ್ತಲಲ್ಲಿ ಜೋಳದ ಕಣಿಕೆ ಬಣವೆಯ ಮುಂದೆ ಪಾಠ ನಡೆಯಿತು. ಕಥೆ ಇಲ್ಲದ ಪಾಠ. ಕಾಲು ಇಷ್ಟು ಅಗಲ, ಮೊಣಕೈ ಇಷ್ಟು ಮೇಲೆ, ಹೆದೆ ಗದ್ದಕ್ಕೆ ತಾಗಬೇಕು, ಬಾಣವಿಲ್ಲದೆ ಬರಿ ಹೆದೆ ಎಳೆದು ಬಿಡಕೂಡದು. ಹೆದೆ ಬಡಿದು ಬೀರಲಿಂಗನ ಮುಂಗೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

"ಗೇಮಿನಾಂವಗ ಬಡೀತಿದ್ದಿಲ್ಲಲ್ಲ ಅಜ್ಜಾ?"

"ಅವಗ ತೊಗಲ ಇದ್ರ ಬಡೀತಿತ್ತು."

ಹುಡುಗನ ಕೈ ಪಳಗಿತು. ಆದರೆ ಬಿಲ್ಲಿನ ಜೀವ ಹೋಗಿತ್ತು. ಊರ ಪದ್ಧತಿ ಇಪ್ಪತ್ತೈದು ಹೆಜ್ಜೆ. ಬಾಣ ಹದಿನೈದಕ್ಕೇ ಮೂಗು ಕೆಳಗೆ ಮಾಡುತ್ತಿತ್ತು. ಹೊಸ ಬಿಲ್ಲು ಮಾಡಲು ಬಿದಿರು ಒಣಗುವಷ್ಟು ದಿನವೂ ಇರಲಿಲ್ಲ.

ಹಬ್ಬದ ಮುಂಜಾನೆ ಅರ್ಜುನಪ್ಪ ಮೊಮ್ಮಗನನ್ನು ಕರೆದುಕೊಂಡು ಗೌಡರ ಕಟ್ಟೆಗೆ ಹೋದ. ನಾಲ್ಕು ಮಂದಿ ಹಿರಿಯರಿದ್ದರು. ಮೈಲಾರಿಯೂ ಇದ್ದ.

"ಗೌಡ್ರ, ಈ ಸಲ ಹನ್ನೆರಡ ಹೆಜ್ಜಿಗೆ ಹೊಡ್ಯಾಕ ಅಪ್ಪಣಿ ಕೊಡ್ರಿ. ಬಿಲ್ಲ ಸಡ್ಲ ಆಗೈತಿ."

"ಹೆಂಗ ಸಡ್ಲ ಆತು ಕಾಕಾ?" ಮೈಲಾರಿ ತಕ್ಷಣ ಕೇಳಿದ.

ಅರ್ಜುನಪ್ಪನ ನಾಲಿಗೆಯ ತುದಿಗೆ ಒಂದು ಚೆಂದದ ಹೆಗ್ಗಣ ಬಂದು ಕೂತಿತ್ತು. ಮೊಳದುದ್ದದ್ದು, ಬಿದಿರು ತಿನ್ನುವಂಥದ್ದು. ಪಕ್ಕದಲ್ಲಿ ಬೀರಲಿಂಗ ತನ್ನ ಕಪ್ಪಾದ ಮುಂಗೈ ನೋಡುತ್ತ ನಿಂತಿದ್ದ. ಅರ್ಜುನಪ್ಪ ಹೆಗ್ಗಣವನ್ನು ನುಂಗಿಕೊಂಡ.

"ನನ್ನ ಸುಳ್ಳೀಲೆ ಆತು," ಎಂದು ಹುಲಿಯಿಂದ ಹಿಡಿದು ಗಿಳಿಯ ತನಕ ಎಲ್ಲವನ್ನೂ ಒಪ್ಪಿಕೊಂಡ. ಕಟ್ಟೆ ನಕ್ಕಿತು. ಮೈಲಾರಿ ತೊಡೆ ತಟ್ಟಿ ನಕ್ಕ. ಗೌಡರು ನಗಲಿಲ್ಲ.

"ಅಲ್ಲೋ ಅರ್ಜುನಪ್ಪ, ಸಣ್ಣಾಂವಿದ್ದಾಗ ನಿನ್ನ ಆ ಹುಲಿಗೆ ಅಂಜಿ ನಾ ನಿಮ್ಮ ಓಣ್ಯಾಗ ಕಾಲಿಡ್ತಿದ್ದಿಲ್ಲ. ಅದೂ ಸುಳ್ಳೇನು?"

"ಸುಳ್ಳ ಗೌಡ್ರ."

"ಹನ್ನೆರಡ ಹೆಜ್ಜಿಗೆ ಹೊಡೀರಿ. ಬಾಣ ಒಂದ. ತಪ್ಪಿದ್ರ ಮೈಲಾರಿಗೆ."

ಸಂಜೆ ಬೀರಲಿಂಗ ಗೆರೆಯ ಮೇಲೆ ನಿಂತು ಹೆದೆ ಏರಿಸಿದ. ಎಳೆದ. ಎಳೆದವನು ಬಿಡಲಿಲ್ಲ. ಮೊಬೈಲಿನವನ ಹಾಗೆ ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತಲೇ ನಿಂತ. ಮೊಣಕೈ ಮೆಲ್ಲಗೆ ಇಳಿಯತೊಡಗಿತು. ಕೈ ನಡುಗಿತು, ಬಾಣದ ತುದಿ ನಡುಗಿತು.

"ಬಿಡಲೇ!" ಅರ್ಜುನಪ್ಪ ಕೂಗಿದ. "ಮೊಬೈಲ್ ಅಲ್ಲ ಅದು!"

ಹೆದೆ ಝುಂಯ್ ಎಂದಿತು. ಬಾಣ ನೆಲ ಮೂಸುತ್ತ ಹೋಗಿ, ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಕಂಬಕ್ಕೆ ನಾಟಿತು. ಮೈಲಾರಿ ಮೊಣಕಾಲೂರಿ ನೋಡಿದ.

"ಕಂಬಕ್ಕಲ್ರಿ, ಬುಡಕ್ಕ ನಟ್ಟೈತಿ."

"ಬುಡ ಏನ್ ನಿಂದೇನೋ?" ಎಂದು ಗೌಡರು ಬನ್ನಿಗೆ ಕೈಹಚ್ಚಿದರು.

ಗದ್ದಲದಲ್ಲಿ ಯಾರ ಕೈಗೂ ಬನ್ನಿ ಕೊಡುವ ಮೊದಲು ಬೀರಲಿಂಗ ಬಿಲ್ಲನ್ನು ಕಾಲಿಗೆ ಒತ್ತಿ ಹೆದೆ ಇಳಿಸಿದ. ಅದನ್ನು ನೋಡಿದವನು ಅರ್ಜುನಪ್ಪ ಒಬ್ಬನೇ.

ವಾರದ ಮೇಲೆ ಭುಜ ತೋರಿಸಲು ಗಜೇಂದ್ರಗಡಕ್ಕೆ ಹೋದವನು ಅಂಗಡಿಗೆ ಹಣಿಕಿ ಹಾಕಿದ. ಒಳಗೆ ಬೀರಲಿಂಗ ಮಾತಿನ ಭರದಲ್ಲಿದ್ದ. "...ನಲವತ್ತ ಹೆಜ್ಜಿ ಗೌಸುಸಾಬ್ರ, ಒಂದ ಬಾಣಾ!"

ಗೌಸುಸಾಬ ತಲೆ ಎತ್ತಿದ. "ಬರ್ರಿ ಕಾಕಾ. ನಲವತ್ತ ಹೆಜ್ಜಿ ಅಂತ, ಖರೇ ಏನ್ರಿ?"

"ಹನ್ನೆರಡ," ಎಂದ ಅರ್ಜುನಪ್ಪ.

ಮೊಮ್ಮಗನ ಮುಖ ಸಪ್ಪಗಾಯಿತು. ಅರ್ಜುನಪ್ಪ ಸ್ಟೂಲು ಎಳೆದುಕೊಂಡು ಕೂತ, ಎಲೆಗೆ ಸುಣ್ಣ ಹಚ್ಚಿದ, ಮಡಚಿದ, ಬಾಯಿಗಿಟ್ಟುಕೊಂಡ.

"ಆದ್ರ ಗಾಳಿ ಎದುರಿಗಿತ್ತು," ಎಂದ.