ಮಡಿಲು ತುಂಬಿಸಿಕೊಂಡ ಮೇಲೆ

ಧನಲಕ್ಷ್ಮಿ ಬಾಯಿ ಬಿಟ್ಟರೆ ನಲ್ಲಿಯಲ್ಲಿ ನೀರು ಬರುತ್ತದೆ ಎಂಬ ಮಾತು ಬೋರಲಿಂಗಯ್ಯನವರ ವಠಾರದಲ್ಲಿತ್ತು. ಸುಳ್ಳಲ್ಲ. ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದೊಡ್ಡ ಹಂಡೆಗಳಲ್ಲಿ ಮುದ್ದೆ ತಿರುವುವ ಹೆಂಗಸು, ದನಿಗೂ ಅಷ್ಟೇ ಕಸುವು. ಗಂಡ ಲೋಕೇಶನೂ ಅವಳ ಮುಂದೆ ಮೂಗನೇ. ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವುದು, ಯಾಕೆ ಎಂದರೆ ನೀರು ನಿಲ್ಲಿಸುವುದು ಓನರುಗಳ ಹುಟ್ಟುಗುಣ ಎಂದು ಸುಮ್ಮನಿದ್ದವರನ್ನು ಒಟ್ಟುಗೂಡಿಸಿದವಳು ಅವಳೇ.

“ಬಾಡಿಗೆ ಕೊಟ್ಟು ಇದೀವಿ ಕಣ್ರೀ, ಧರ್ಮಕ್ಕಲ್ಲ” ಎನ್ನುತ್ತಿದ್ದಳು.

ಈ ಸಲ ಕುತ್ತು ಬಂದದ್ದು ಪಕ್ಕದ ಮನೆಯ ನಿಖಾತ್‌ಗೆ. ಗಂಡನಿಲ್ಲದವಳು, ರಾಮನಗರಕ್ಕೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗಿಬರುತ್ತಿದ್ದಳು. ಮಗಳು ಇಲ್ಲಿಯೇ ಹತ್ತನೇ ಕ್ಲಾಸು. ಆ ಮನೆಗೆ ಕಾರ್ಖಾನೆ ಹುಡುಗರನ್ನು ತುಂಬಿದರೆ ತಲೆಗಿಷ್ಟು ಎಂದು ಬಾಡಿಗೆ ಹುಟ್ಟುತ್ತದಲ್ಲ, ಬೋರಲಿಂಗಯ್ಯ ಖಾಲಿ ಮಾಡು ಎಂದುಬಿಟ್ಟರು. ಮಗುವಿನ ಪರೀಕ್ಷೆ ಮುಗಿಯುವವರೆಗೆ ಅವಳನ್ನು ಎಬ್ಬಿಸಕೂಡದು ಎಂದು ವಠಾರವೆಲ್ಲ ಒಂದಾಯಿತು. ಭಾನುವಾರ ವಾರ್ಡ್ ಮೆಂಬರ್ ಎದುರಿಗೆ ಪಂಚಾಯ್ತಿ ಎಂದಾಯಿತು. ಮಾತಾಡುವವಳು ಧನಲಕ್ಷ್ಮಿ.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಬೋರಲಿಂಗಯ್ಯನವರ ಹೆಂಡತಿ ಬೈರಮ್ಮ ಧನಲಕ್ಷ್ಮಿಯನ್ನು ಮಹಡಿಗೆ ಕರೆದು, ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ, ರವಿಕೆ ಕಣ ಹಾಕಿ ಮಡಿಲು ತುಂಬಿದರು.

“ತವರಿಲ್ಲ ಅಂತ ಕೊರಗಬ್ಯಾಡ ಕಣವ್ವ. ಇದೇ ನಿನ್ ತವರು ಅಂದ್ಕೋ.”

ತವರೂರು ತಿಪ್ಪಸಂದ್ರದಲ್ಲಿ ಅವ್ವ ಸತ್ತ ಮೇಲೆ ಅಣ್ಣಂದಿರು ಹಬ್ಬಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. ಧನಲಕ್ಷ್ಮಿ ಸೆರಗೊಡ್ಡಿಕೊಂಡೇ ಅತ್ತುಬಿಟ್ಟಳು. ಬೈರಮ್ಮನ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಹೇಳಲಾರೆ. ಆ ತಾಯಿ ಅಂಥವರಲ್ಲ. ಆದರೆ ನಮ್ಮ ಕಡೆ ಮಡಿಲಕ್ಕಿ ಪಡೆದ ಮನೆಗೆ ಹೆಣ್ಣು ಎದುರಾಡುವುದಿಲ್ಲ. ಹಾಳು ರೂಢಿ! ಉಪ್ಪಿನ ಋಣವನ್ನಾದರೂ ತೀರಿಸಬಹುದು, ಇದನ್ನು ತೀರಿಸುವುದು ಹೇಗೆ?

ಭಾನುವಾರ ಮೆಂಬರ್ ಕೇಳಿದರು, “ಏನಮ್ಮಾ, ನಿಮ್ದೇನು ಹೇಳು.”

ಧನಲಕ್ಷ್ಮಿ ಎದ್ದಳು. ಮೆಟ್ಟಿಲ ಮೇಲೆ ಬೈರಮ್ಮ ನಿಂತಿದ್ದರು, ಮಗಳನ್ನು ನೋಡುವಂತೆಯೇ ನೋಡುತ್ತಿದ್ದರು.

“ಬೋರಲಿಂಗಯ್ಯನೋರು ಹೇಳ್ದಂಗೇ ಆಗ್ಲಿ” ಎಂದು ಕೂತುಬಿಟ್ಟಳು.

ಮುಂದಾಳೇ ಹಿಂದೆ ಸರಿದ ಮೇಲೆ ಇನ್ಯಾರು ಮಾತಾಡುತ್ತಾರೆ? ನಿಖಾತ್ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು.

ಅಂದಿನಿಂದ ಧನಲಕ್ಷ್ಮಿ ನಾಚಿಕೆಯಿಂದ ಹಿಡಿಯಷ್ಟಾದಳು. ನಲ್ಲಿಯ ಹತ್ತಿರ ಯಾರಾದರೂ ಕಂಡರೆ ಖಾಲಿ ಕೊಡ ಹಿಡಿದು ವಾಪಸು ಬರುತ್ತಿದ್ದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು.

ಗೂಡ್ಸ್ ಆಟೋಗೆ ಸಾಮಾನು ತುಂಬಿಸಿ ಹೊರಟ ನಿಖಾತ್ ಅವಳ ಬಾಗಿಲಿಗೆ ಬಂದಳು. ತಪ್ಪಾಯ್ತು ಎನ್ನಬೇಕೆಂದು ಧನಲಕ್ಷ್ಮಿ ಹೊಸಿಲಿಗೆ ಬಂದಳು. ನಿಖಾತ್ ಅವಳ ಕೈ ಹಿಡಿದುಕೊಂಡಳು.

“ನಂಗೆ ಸಿಟ್ಟಿಲ್ಲ ಅಕ್ಕಾ. ಅಮ್ಮನ ಮನೆ ಇಲ್ದಿರೋ ಕಷ್ಟ ನಂಗೂ ಗೊತ್ತು. ನಿಮ್ಗಾದ್ರೂ ಒಂದು ಸಿಕ್ತಲ್ಲ.”

ಆಟೋ ಬೀದಿ ದಾಟಿರಲಿಲ್ಲ, ಮಹಡಿಯಿಂದ ಬೈರಮ್ಮನ ದನಿ ಕೇಳಿಸಿತು.

“ಧನಾ, ಆ ಮನೇನ ಒಸಿ ಗುಡಿಸಿಬುಡವ್ವ. ಹುಡುಗ್ರು ಇವತ್ತೇ ಬತ್ತಾವ್ರೆ.”

ಮನೆಮಗಳು ಪೊರಕೆ ತೆಗೆದುಕೊಂಡು ಹೋಗಿ ಗುಡಿಸಿದಳು.