ಜಾಲಿಮರದ ಹತ್ತಿರ ನಿಲ್ಲುತ್ತಿದ್ದ ಗಾಡಿ

ಮದುವೆಯಲ್ಲಿ ಹೆಂಡತಿಯ ತವರಿನವರು ಕೊಟ್ಟ ಗಾಡಿ ಅದು. ಇಪ್ಪತ್ತು ವರ್ಷ ದಾಟಿದೆ. ಬೈಕಿನ ಬಣ್ಣ ಹೋಗಿದೆ, ಸೀಟನ್ನು ಎರಡು ಸಲ ಹೊಲಿಸಿದ್ದೇನೆ, ಎಂಜಿನ್ ಮಾತ್ರ ಗಟ್ಟಿ. ಗೊಳಸಂಗಿಯ ಹತ್ತಿರ ಕಾಲುವೆಯ ಗೇಟು ಕಾಯುವುದು ನನ್ನ ಕೆಲಸ. ಮನೆಯಿಂದ ಗೇಟಿಗೆ, ಗೇಟಿನಿಂದ ಮನೆಗೆ, ದಿನಕ್ಕೆ ನಾಲ್ಕು ಸಲ ಅದರ ಮೇಲೆಯೇ ಓಡಾಟ. ಮಾರಿ ಹೊಸದು ತಗೊಳ್ಳಿ ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ನನ್ನ ತವರಮನಿ ಗಾಡಿ ಐತ್ರಿ ಅದು. ನನ್ನ ಮುಂದ ಮಾರೂ ಮಾತು ಆಡಬ್ಯಾಡ್ರಿ."

ಅವಳ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಮಗೆ ಆ ಗಾಡಿಯೇ ಗತಿಯಾಯಿತು. ವಾರಕ್ಕೆ ಎರಡು ದಿನ ಬಾಗೇವಾಡಿಯಲ್ಲಿ ಡಯಾಲಿಸಿಸ್. ಅವಳ ಪಾಳಿ ಬೆಳಿಗ್ಗೆ ಏಳಕ್ಕೆ. ಮೊದಲ ಬಸ್ಸು ಅಲ್ಲಿ ಮುಟ್ಟುವುದೇ ಎಂಟರ ಮೇಲೆ. ತಡವಾದರೆ ಆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತಿತ್ತು. ಹೊರಗೆ ಕಾಯುತ್ತ ಕೂತವರೆಲ್ಲ ಅವಳಂಥವರೇ ಆದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ. ಪಾಳಿ ತಪ್ಪಿದರೆ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡುವ ರೂಢಿ. ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅವಳು ದವಾಖಾನೆಗೆ ಹೋಗುವುದು ಶುರುವಾದ ಮೇಲೆ ಅಮಾವಾಸ್ಯೆಗೆ ಕಾಯಲಿಲ್ಲ. ಹೊರಡುವ ಪ್ರತಿ ದಿನವೂ ವಿಭೂತಿಯನ್ನು ನೀರಿನಲ್ಲಿ ನೆನೆಸಿ ಪೆಟ್ರೋಲ್ ಟಾಕಿಯ ಮುಚ್ಚಳದ ಮೇಲೆ ಮೂರು ಬೆರಳು ಎಳೆದು, ನಡುವೆ ಕುಂಕುಮವಿಟ್ಟು, ಕೈಮುಗಿದು ಹತ್ತುತ್ತಿದ್ದಳು.

ಗಾಡಿಗೆ ರೋಗ ಅಂಟಿಕೊಂಡದ್ದೂ ಆ ದಿನಗಳಲ್ಲೇ. ಅರ್ಧ ದಾರಿ ಚೆನ್ನಾಗಿಯೇ ಓಡುತ್ತಿತ್ತು. ರಸ್ತೆ ಬದಿಯ ಒಂದು ಜಾಲಿಮರ ಹತ್ತಿರವಾಗುತ್ತಿದ್ದಂತೆ, ಎಕ್ಸಲೇಟರ್ ತಿರುವಿದಷ್ಟೂ ಎಂಜಿನ್ ಸೊರಗುತ್ತ ಬಂದು, ಎರಡು ಸಲ ಮುಗ್ಗರಿಸಿ ಆರಿಹೋಗುತ್ತಿತ್ತು. ಅವಳು ಸೆರಗು ಹೊದ್ದು ಮರದ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿದ್ದಳು. ನಾನು ಟಾಕಿಯ ಮುಚ್ಚಳ ತೆಗೆದು ಪೆಟ್ರೋಲ್ ನೋಡುತ್ತಿದ್ದೆ. ಇರುತ್ತಿತ್ತು. ಹಚ್ಚಿದ ವಿಭೂತಿಯನ್ನು ಒರೆಸಬಾರದಲ್ಲ, ಅಂಚು ಹಿಡಿದು ತೆಗೆದವನು ಅಂಚು ಹಿಡಿದೇ ಮುಚ್ಚುತ್ತಿದ್ದೆ. ಆಮೇಲೆ ಕಾರ್ಬುರೇಟರ್ ಬಿಚ್ಚಿ, ಅದರ ತಳದ ಬಟ್ಟಲಿನಲ್ಲಿದ್ದ ಪೆಟ್ರೋಲ್ ಚೆಲ್ಲಿ, ಪೆಟ್ರೋಲ್ ಹಾಯುವ ಹಿತ್ತಾಳೆಯ ಪುಟ್ಟ ಜೆಟ್ ತೆಗೆದು ಬಾಯಿಂದ ಊದುತ್ತಿದ್ದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆ. ಜೋಡಿಸಿ ಕಿಕ್ ಹೊಡೆದರೆ ಶುರುವಾಗುತ್ತಿತ್ತು, ದವಾಖಾನೆಯ ಬಾಗಿಲ ತನಕ ಓಡುತ್ತಿತ್ತು. ಕಸ ನಾನೇ ತೆಗೆದೆ ಎಂದು ಎದೆಯುಬ್ಬಿಸುತ್ತಿದ್ದೆ.

ಮುದ್ದೇಬಿಹಾಳದ ಮಿಸ್ತ್ರಿಯೊಬ್ಬ ಎಕ್ಸಲೇಟರ್ ವಾಯರ್ ಬದಲಿಸಿದ. ಸಿಂದಗಿಯ ನನ್ನ ಷಡ್ಡಕನ ಮಾತು ಕೇಳಿ ಕಾರ್ಬುರೇಟರನ್ನೇ ಹೊಸದು ಹಾಕಿಸಿದೆ. ಮಿಸ್ತ್ರಿಗಳೂ ಅಷ್ಟೇ, ವಿಭೂತಿ ಕಂಡು ಮುಚ್ಚಳಕ್ಕೆ ಕೈ ಹಚ್ಚದೆ ಕೆಳಗಿನದ್ದನ್ನೆಲ್ಲ ಬಿಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮರುವಾರ ಗಾಡಿ ಅದೇ ಜಾಲಿಮರದ ಹತ್ತಿರ ನಿಂತಿತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳು ಮದುವೆಯಾದ ವರ್ಷವೇ ಕಂಡುಕೊಂಡಿದ್ದಳು. ಒಂದು ದಿನ ನಟ್ಟು ಬಿಚ್ಚುವ ಪಾನಾ ನೆಲಕ್ಕೆಸೆದು ಅಂದೆ, "ಗೇಟಿಗೆ ಹೋಗುವಾಗ ಒಮ್ಮಿನೂ ನಿಲ್ಲಂಗಿಲ್ಲ ಇದು. ನೀ ಕುಂತಾಗ ಅಷ್ಟ ನಿಲ್ತೈತಿ ನೋಡು." ಗೇಟಿನ ದಾರಿ ಎರಡು ಮೈಲಿಯೂ ಇಲ್ಲ, ನಿಲ್ಲುವುದರೊಳಗೆ ಗೇಟೇ ಬಂದುಬಿಡುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮುಂದಿನ ಸಲ ವಿಭೂತಿ ಇನ್ನಷ್ಟು ದಪ್ಪವಾಗಿತ್ತು.

ಕೊನೆಗೆ ಒಂದು ಬೆಳಿಗ್ಗೆ ಮೂರು ಸಲ ಬಿಚ್ಚಿದರೂ ಗಾಡಿ ಏಳಲಿಲ್ಲ. ಆ ದಿನ ಪೆಟ್ರೋಲ್ ತುಂಬಿಸಿಯೇ ಹೊರಟಿದ್ದೆನಾದ್ದರಿಂದ ಮುಚ್ಚಳ ತೆಗೆದು ನೋಡುವ ಗೋಜಿಗೇ ಹೋಗಿರಲಿಲ್ಲ. ಹಿಂದಿನಿಂದ ಬಂದ ಬಸ್ಸು ಹತ್ತಿ ಮುಟ್ಟಿದಾಗ ಪಾಳಿ ಹೋಗಿತ್ತು. ಅಲ್ಲಿನ ಸಿಸ್ಟರ್ ಅವಳ ಕೈಹಿಡಿದು ಹೇಳಿದರು, "ನಾಡಿದ್ದ ಬರ್ರಿ ಅಕ್ಕಾರ, ಇವತ್ತ ಎಲ್ಲಾ ತುಂಬ್ಯಾವ." ಎರಡು ದಿನ ಅವಳಿಗೆ ಮಲಗಲಾಗಲಿಲ್ಲ. ಗೋಡೆಗೊರಗಿ ಕೂತು, ಕೆರೆದಡದ ಮೀನಿನ ಹಾಗೆ ಬಾಯಿ ತೆರೆದು ಉಸಿರಾಡಿದಳು. ನಾನು ಎದುರಿಗೆ ಕೂತು ನೋಡಿದೆ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮರದ ಹತ್ತಿರ ಬಿಟ್ಟಿದ್ದ ಗಾಡಿ ಅವತ್ತು ಸಂಜೆ ಹೋಗಿ ಕಿಕ್ ಹೊಡೆದರೆ ಎದ್ದಿತ್ತು. ಮೂರನೆಯ ದಿನ ನಸುಕಿನಲ್ಲೇ ಅದರ ಮೇಲೆ ಹೊರಟು, ಅವಳನ್ನು ಯಂತ್ರಕ್ಕೆ ಹಚ್ಚಿಸಿ, ಬಾಗೇವಾಡಿಯಲ್ಲೇ ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ಗಾಡಿ ಒಯ್ದೆ. ಅವನು ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಶುರುಮಾಡಿ, ಬೀಡಿ ಮುಗಿಯುವ ತನಕ ಕಿವಿಗೊಟ್ಟು ಕೂತ. ಅದು ಸೊರಗತೊಡಗಿದಾಗ ಎದ್ದು ಮುಚ್ಚಳ ತೆಗೆದ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು, ಎಂಜಿನ್ ಚೇತರಿಸಿಕೊಂಡಿತು.

"ಎಣ್ಣಿ ಡಬ್ಬಿಗೆ ಮನ್ಯಾಗ ಎಷ್ಟ ತೂತ ಹೊಡೀತೀರಿ?" ಎಂದು ಕೇಳಿದ.

"ಎರಡು."

"ಯಾಕ? ಒಂದು ಸಾಲದನ?"

ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ ಎಂದು ಹೇಳಲು ಹೋಗಿ ಅರ್ಧಕ್ಕೇ ನಿಂತೆ. ಅವನು ಮುಚ್ಚಳವನ್ನು ಅಂಗೈ ಮೇಲಿಟ್ಟು, "ಒರಸ್ಲೇನ್ರಿ ಅಣ್ಣಾರ?" ಎಂದು ಅಪ್ಪಣೆ ಕೇಳಿದ. ಕಣ್ಣಿಗೊತ್ತಿಕೊಂಡು, ಒಣಗಿ ಗಾರೆಯಂತಾಗಿದ್ದ ವಿಭೂತಿಯನ್ನು ಪದರು ಪದರಾಗಿ ಕೆರೆದ. ಕೀಲಿ ಹಾಕುವಲ್ಲಿ, ಟಾಕಿಗೆ ಗಾಳಿ ಹೋಗಲೆಂದು, ಸಾಸಿವೆಗಿಂತ ಸಣ್ಣದೊಂದು ತೂತಿತ್ತು. ಅದರೊಳಗಿಂದ ಪಿನ್ನಿನ ತುದಿಗೆ ಬಿಳಿ, ಕೆಂಪು ಪುಡಿ ಬಂತು. ಇಪ್ಪತ್ತು ವರ್ಷ ನೀರು ಬಿಡುವ ಕೆಲಸ ಮಾಡಿದವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ನನ್ನನ್ನು ನಾನೇ ಬೈದುಕೊಳ್ಳಬೇಕಿತ್ತು. ಹಾಗೆ ಮಾಡಲಿಲ್ಲ.

ಅವಳು ತೋಳಿಗೆ ಪಟ್ಟಿ ಕಟ್ಟಿಕೊಂಡು ಸುಸ್ತಾಗಿ ಹೊರಗೆ ಬಂದಳು. ನಾಲ್ಕು ಜನರ ಎದುರಿಗೇ ಹೇಳಿದೆ, "ಕಾರ್ಬುರೇಟರ್ ಅಲ್ಲ, ಏನಲ್ಲ. ನಿನ್ನ ಈಬತ್ತಿ ಗಾಡಿ ಉಸುರ ಹಿಡದೈತಿ."

ಅವಳು ಮುಚ್ಚಳ ನೋಡಿದಳು. ಅದು ಬೋಳಾಗಿತ್ತು. "ಹಂಗಾರ ನಾನಾ ನಿಲ್ಲಿಸಿದ್ನೇನ್ರಿ?" ಎಂದಳು. ನಾನು ಕಿಕ್ ಹೊಡೆದೆ. ಜಾಲಿಮರ ದಾಟುವಾಗ ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ.

ಅಲ್ಲಿಂದ ಮುಂದೆ ಅವಳು ಗಾಡಿಗೆ ಕೈಮುಗಿಯಲಿಲ್ಲ. ಅಮಾವಾಸ್ಯೆಯ ದಿನ ತಾಟಿನಲ್ಲಿ ವಿಭೂತಿ ಹಿಡಿದು ಹೊಸ್ತಿಲ ತನಕ ಬಂದು, ಹಾಗೇ ಒಳಗೆ ಹೋದಳು. ಮುಚ್ಚಳ ಬಿಟ್ಟು ದೀಪಕ್ಕೆ ಹಚ್ಚು, ಚಕ್ರಕ್ಕೆ ಹಚ್ಚು ಎನ್ನಬಹುದಿತ್ತು.

ಐದು ತಿಂಗಳ ನಂತರ, ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು, "ಅವತ್ತ ಪಾಳಿ ತಪ್ಪಿದ್ದು ನನ್ನಿಂದಾ ಅಲ್ಲೇನ್ರಿ?" ನಾನು ಗಾಡಿಯ ಪ್ಲಗ್ ಒರೆಸುತ್ತಿದ್ದೆ. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಒರೆಸುತ್ತಲೇ ಇದ್ದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಹತ್ತು ದಿನ ಕಳೆದಿರಲಿಲ್ಲ, ಯಂತ್ರದ ಮೇಲಿದ್ದಾಗಲೇ ಅವಳ ಹೃದಯ ನಿಂತಿತು. ಪಾಳಿಗೆ ಸರಿಯಾಗಿ ಏಳಕ್ಕೇ ಮುಟ್ಟಿದ್ದೆವು. ಆ ಒಂದು ದಿನ ತಪ್ಪಿದ್ದರಿಂದ ಹೀಗಾಯಿತೇ ಎಂದು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಅವಳಿಗೆ ಬೇಕಾಗಿದ್ದ ಉತ್ತರವನ್ನು ನಾನು ಕೇಳಿಸಿಕೊಂಡು ಮನೆಗೆ ಬಂದೆ.

ಮೊನ್ನೆಯ ಅಮಾವಾಸ್ಯೆಗೆ ಗಾಡಿ ತೊಳೆದೆ. ಅವಳ ವಿಭೂತಿ ಗಟ್ಟಿ ದೇವರ ಜಗುಲಿಯ ಮೇಲೆ ಹಾಗೇ ಇತ್ತು. ನೀರಿನಲ್ಲಿ ತೇಯ್ದು ಮುಚ್ಚಳದ ಮೇಲೆ ದಪ್ಪಗೆ ಮೂರು ಬೆರಳು ಎಳೆದೆ, ತೂತು ಮುಚ್ಚುವ ಹಾಗೆ. ಒಣಗುವ ತನಕ ಕಾದು, ಬಾಗೇವಾಡಿಯ ದಾರಿ ಹಿಡಿದೆ. ಜಾಲಿಮರ ಹತ್ತಿರವಾದಾಗ ಎಂಜಿನ್ ಸೊರಗಿತು, ಎರಡು ಸಲ ಮುಗ್ಗರಿಸಿತು, ನಿಂತಿತು. ಇಳಿದು ಅವಳು ಕೂರುತ್ತಿದ್ದ ಕಲ್ಲಿನ ಎದುರಿಗೆ ನಿಂತು, "ನಿನ್ನಿಂದ ಅಲ್ಲ" ಎಂದೆ. ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ, "ಏನ್ ಕೆಟ್ಟೈತ್ರಿ ಗಾಡಿದು?" ಎಂದು ಕೇಳಿದ. ಏನೂ ಇಲ್ಲ ಎಂದು ಹೇಳಿ ಮುಚ್ಚಳ ತೆರೆದೆ.