ಮಗಳ ಹೆಸರಿಗೆ ಕಟ್ಟಿದ ಶಾವಿಗೆ ಪದ

ಘೋಡಗೇರಿಯ ನಮ್ಮ ಮಾಳಿಗೆಯ ಮೇಲೆ ಆ ಮುಂಜಾನೆ ಮನೆಯ ಹೆಂಗಸರೆಲ್ಲ ಇದ್ದೆವು. ಮಂಚಕ್ಕೆ ಇಳಿಜಾರಾಗಿ ಆನಿಸಿಟ್ಟ ಶಾವಿಗೆ ಮಣೆಯ ಮೇಲ್ತುದಿಯಲ್ಲಿ ಅತ್ತಿ, ಅಂದರೆ ಮೂಡಲಗಿಗೆ ಕೊಟ್ಟಿದ್ದ ಅಪ್ಪನ ತಂಗಿ. ಕೆಳಗೆ ಎಳೆ ಹಿಡಿಯಲು ಅವ್ವ. ಎಳೆಗಳನ್ನು ಕೋಲಿಗೆ ಹಾಕಿ ಬಿಸಿಲಿಗಿಡಲು ನಾನು. ಮದುವೆ ಗೊತ್ತಾಗಿದ್ದ ಅಕ್ಕ ಗೋಡೆಗೆ ಆತು ಕುಳಿತು ಕಾಗೆ ಓಡಿಸುತ್ತಿದ್ದಳು. ಅವಳನ್ನು ಹಡೆದ ನನ್ನ ದೊಡ್ಡವ್ವ ಎಲ್ಲರಿಗಿಂತ ಹಿಂದೆ, ಮೆಟ್ಟಿಲ ಬಾಯಲ್ಲಿ ಕುಳಿತು ಕಣಕ ನಾದುತ್ತಿದ್ದಳು.

ಅದು ಅವಳು ಕೂರುವ ಜಾಗವಲ್ಲ.

ಅದಕ್ಕೂ ಹಿಂದಿನ ಎಲ್ಲ ಬೇಸಿಗೆಗಳಲ್ಲಿ ಮಣೆಯ ಮೇಲ್ತುದಿ ಅವಳದೇ. ನಮ್ಮ ಮನೆಯದಷ್ಟೇ ಅಲ್ಲ, ಓಣಿಯದೆಲ್ಲ. ಇವತ್ತು ಒಬ್ಬರ ಮಾಳಿಗೆ, ನಾಳೆ ಇನ್ನೊಬ್ಬರದು. ದೊಡ್ಡವ್ವ ಬಂದು ಹಾಡು ಎತ್ತದೆ ಯಾರ ಮನೆಯಲ್ಲೂ ಎಳೆ ಇಳಿಯುತ್ತಿರಲಿಲ್ಲ. ಅವಳು ಒಂದು ಸಾಲು ಎತ್ತಬೇಕು, ಉಳಿದವರು ಹಿಂದಿನಿಂದ ದನಿಗೂಡಿಸಬೇಕು, ಆ ಲಯಕ್ಕೆ ಅಂಗೈ ಮಣೆಯ ಮೇಲೆ ಹೊರಳಬೇಕು. "ಹಾಡು ಓಡಿದ್ರ ಎಳಿ ಹರೀತೈತಿ, ಹಾಡು ಕುಂತ್ರ ಎಳಿ ದಪ್ಪಾಗತೈತಿ" ಎನ್ನುತ್ತಿದ್ದಳು. ನಾನು ಮಾತು ಕಲಿತದ್ದೇ ಹಾಗೆ, ಶಾಲೆಗೆ ಹೋಗುವ ಮೊದಲೇ, ಅವಳ ಹಿಂದೆ ದನಿ ಹಾಕುತ್ತ.

ಎಳೆಯ ಶಾವಿಗಿ ನೀನು ಹರಿಯದಂಗ ಇಳಿಯವ್ವ
ಬಿಳಿಯ ಹಾಲಾಗ ಬೆಲ್ಲ ಕರಗೀತ, ಈ ಮನಿಯ
ಕಳೆಯುಳ್ಳ ಸೊಸಿಯ ನಗಿಯ್ಹಾಂಗ

ಸೊಸೆ ಅನ್ನುವಲ್ಲಿ ಆಯಾ ಮನೆಯವರ ಹೆಸರು ಕೂಡಿಸಿ ಹಾಡುವುದು ನಮ್ಮ ಕಡೆಯ ರೂಢಿ. ಹೆಸರು ಬಂದವರು ಹಾಡಿದವಳ ಬಾಯಿಗೆ ಬೆಲ್ಲ ಹಾಕಬೇಕು. ಒಬ್ಬಾಕೆ ತೀರ ಚೂರು ಬೆಲ್ಲ ತಂದಾಗ ದೊಡ್ಡವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಯವ್ವಾ, ಇದನ್ನ ಇರಿವಿಗಿ ಕೊಟ್ರ ಅದೂ ಮನಿಗಿ ಹೋಗಿ ಬೈಸ್ಕೋತೈತಿ" ಅಂದಿದ್ದಳು. ಆ ಮಾಳಿಗೆ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ.

ಅಕ್ಕನ ಮದುವೆಗೆ ಅವಳು ಒಂದು ಪದ ಕಟ್ಟಿಟ್ಟಿದ್ದಳು. ಹೊಲಕ್ಕೆ ಬುತ್ತಿ ಒಯ್ಯುವಾಗ ದಾರಿಯಲ್ಲಿ ನನಗೆ ಹೇಳಿದ್ದಳು: "ಅಕ್ಕನ ಹೆಸರು ಕೂಡಂಗ ಒಂದು ಪದ ಕಟ್ಟೇನಿ." ಹಾಡು ಎಂದು ಗಂಟುಬಿದ್ದೆ. "ಹುಚ್ಚಿ, ಮದಿವಿ ಶಾವಿಗಿ ಮೊದಲನೇ ಎಳಿ ಇಳಿಯೂತನಕ ಅದನ್ನ ಬಾಯಿಗಿ ತರಬಾರದು" ಎಂದಳು. ಅದೂ ರೂಢಿ. ಅದಾದ ಮೇಲೆ ಮಳೆಗಾಲದಲ್ಲಿ ದೊಡ್ಡಪ್ಪ ತೀರಿಕೊಂಡ.

ಆ ಮುಂಜಾನೆ ದೊಡ್ಡವ್ವ ಎಂದಿನಂತೆ ಮಣೆಯ ಕಡೆ ನಡೆದಾಗ ಅತ್ತಿ ಅಡ್ಡ ಬಂದಳು.

"ವೈನಿ, ಮದಿವಿ ಶಾವಿಗಿ ಐತ್ರಿ. ಈ ಸಲ ಹಾಡು ನೀವು ಎತ್ತಬ್ಯಾಡ್ರಿ, ಮುತ್ತೈದಿ ಎತ್ತಲಿ. ಹುಡುಗಿ ಬಾಳೇವಿನ ಮಾತೈತಿ. ತಪ್ಪ ತಿಳ್ಕೋಬ್ಯಾಡ್ರಿ."

"ಕಣಕ ನಾದಬಹುದೇನು? ಕೈಗಿ ಏನೂ ಆಗಿಲ್ಲಲ್ಲ?" ಎಂದಳು ದೊಡ್ಡವ್ವ.

"ಅಯ್ಯ, ನಾದ್ರಿ. ನಿಮ್ಮಂಗ ನಾದೂದು ಯಾರಿಗಿ ಬರತೈತಿ?"

ಕೈ ಬೇಕಿತ್ತು, ದನಿ ಬೇಡವಾಗಿತ್ತು. ಇದೇ ಅತ್ತಿ ಹಿಂದಿನ ಸಂಜೆ ದೀಪದ ಮುಂದೆ ಕುಳಿತು ವಚನ ಹೇಳಿದ್ದಳು. ಶಕುನ ಅಪಶಕುನ ಎಲ್ಲ ಸುಳ್ಳೆಂದ ಶರಣರನ್ನು ನಾವು ತಲೆಮಾರುಗಳಿಂದ ಬಾಯಿಪಾಠ ಮಾಡಿದವರು. ಅದು ಬಾಯಿಪಾಠವಾಗಿಯೇ ಉಳಿದಿತ್ತು.

ದೊಡ್ಡವ್ವ ಮಗಳ ಕಡೆ ನೋಡಿದಳು. ಅಕ್ಕ 'ನಮ್ಮವ್ವನೇ ಹಾಡಲಿ' ಎಂದಿದ್ದರೆ ಅತ್ತಿಯ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು, ಮದುಮಗಳ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಅಕ್ಕ ಕಾಗೆ ಓಡಿಸುವ ಕೋಲನ್ನು ನೋಡುತ್ತ ಕುಳಿತಳು.

ಅತ್ತಿ ಹಾಡು ಎತ್ತಿದಳು. ಬಸ್ಸು ಹಿಡಿಯುವವಳ ಹಾಗೆ ಹಾಡನ್ನು ಓಡಿಸಿದಳು; ಎಳೆ ಪಟಪಟನೆ ಹರಿದು ಅವ್ವನ ಕೈಗೆ ತುಂಡು ತುಂಡಾಗಿ ಬಂತು. ಬಿಸಿಲೇರುವ ಹೊತ್ತಿಗೆ ಅವಳಿಗೇ ಸಾಕಾಗಿ ಹಿಂದಕ್ಕೆ ತಿರುಗಿದಳು. "ವೈನಿ, ನೀವು ಹಿಂದಿಂದರ ದನಿ ಹಾಕ್ರಿ. ಹಿಂದಿನ ದನಿಗಿ ಏನೂ ದೋಷ ಇಲ್ಲ."

"ಇವತ್ತು ಗಂಟಲಾಗ ಹಿಟ್ಟು ಕುಂತೈತಿ" ಎಂದಳು ದೊಡ್ಡವ್ವ.

ಆ ಮದುವೆಯಲ್ಲಿ ಬೀಗರು ಉಂಡ ಶಾವಿಗೆ ಗಂಜಿಯಂತಿತ್ತು. ಅಂದಿನಿಂದ ದೊಡ್ಡವ್ವ ಯಾರ ಮಾಳಿಗೆಗೂ ಹೋಗಲಿಲ್ಲ. ಕರೆಯಲು ಬಂದವರಿಗೆ ಮೊಣಕಾಲು ನೋವೆಂದಳು. ಒಂದೆರಡು ಬೇಸಿಗೆ ಓಣಿ ಹಾಡಿಲ್ಲದೆ ಶಾವಿಗೆ ಮಾಡಿ ನೋಡಿತು, ಆಮೇಲೆ ಯಂತ್ರದ ಹಾದಿ ಹಿಡಿಯಿತು. ಜನ ಈಗ ಹಾಡು ಹೋದದ್ದಕ್ಕೆ ಮೊಬೈಲನ್ನು ಬೈಯುತ್ತಾರೆ. ನಮ್ಮ ಓಣಿಯಲ್ಲಿ ಅದು ಮೊಬೈಲು ಬರುವ ಮೊದಲೇ ಹೋಗಿತ್ತು, ಹೇಗೆ ಹೋಯಿತೆಂದು ನಾನು ಕಣ್ಣಾರೆ ನೋಡಿದ್ದೆ.

ಈ ಬೇಸಿಗೆ ಹುಕ್ಕೇರಿಯಲ್ಲಿ ಅಕ್ಕನ ಮಗಳ ಮದುವೆ. ಉಣ್ಣುವ ಶಾವಿಗೆಯನ್ನು ನಾನೇ ಗೋಕಾಕದಲ್ಲಿ ಯಂತ್ರಕ್ಕೆ ಹಾಕಿಸಿ ಡಬ್ಬಿಯಲ್ಲಿ ಒಯ್ದೆ. ಆದರೆ ಫೋಟೊಗೆ ಶಾವಿಗೆ ಮಾಡುವ ಕಾರ್ಯಕ್ರಮವೊಂದು ಬೇಕಂತೆ. ಊರಿನ ಮನೆಯ ಅಟ್ಟದಿಂದ ಹಳೆಯ ಮಣೆ ತರಿಸಿ, ಚೆಂಡು ಹೂ ಕಟ್ಟಿ, ಅಕ್ಕನ ಮನೆಯ ತಾರಸಿಯ ಮೇಲೆ ಇಟ್ಟಿದ್ದರು. ಕ್ಯಾಮೆರಾದವ ಬೆಳಕು ಹೊಂದಿಸುತ್ತಿದ್ದ. ಮುಂದಿನ ಕುರ್ಚಿಯಲ್ಲಿ ಅತ್ತಿ. ಅವಳ ಗಂಡ, ಮೂಡಲಗಿಯ ಮಾವ, ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು.

"ವೈನಿ, ಬರ್ರಿ, ಹಾಡು ಎತ್ರಿ. ಹುಡುಗರು ಹಳೀ ಹಾಡು ಕೇಳ್ಲಿ. ಈಗ ಕಾಲ ಬದಲಾಗೇತಿ."

ದೊಡ್ಡವ್ವ ಕೂತಲ್ಲಿಂದ ಏಳಲಿಲ್ಲ. "ಕಾಲ ಯಾವಾಗ ಬದಲಾತು ತಂಗಿ? ನಿನ್ನ ಹಣಿ ಬರಿದಾದ ಮ್ಯಾಲ?"

ಅತ್ತಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ಆಗ ಅಕ್ಕ ತಾಯಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತಳು.

"ಯವ್ವಾ, ನನ್ನ ಹೆಸರಿಗಿ ಒಂದು ಪದ ಕಟ್ಟಿದ್ದಿಯಂತ. ತಂಗಿ ಹೇಳಿದ್ಲು" ಎಂದು ನನ್ನ ಕಡೆ ತೋರಿಸಿದಳು. " ಅದನ್ನರ ಹಾಡು."

"ಅದು ನಿನ್ನ ಮದಿವಿದಿತ್ತು. ನಿನ್ನ ಮದಿವಿ ಆಗೇತಲ್ಲ."

"ಈಗ ಕೇಳಾಕತ್ತೇನಲ್ಲ ನಾನು."

"ಅವತ್ತು ಕೇಳಿದ್ರ ಸಾಕಿತ್ತು ಮಗಳ."

ಕ್ಯಾಮೆರಾದವ ತನ್ನ ಮೊಬೈಲಿನಲ್ಲಿ ಯಾವುದೋ ಹಾಡು ಹಾಕಿದ. ಹುಡುಗಿಯರು ಒಣ ಮಣೆಯ ಮೇಲೆ ಕೈಯಾಡಿಸುತ್ತ ನಕ್ಕರು.

ಮರುದಿನ ಬೆಳಗಿನ ಜಾವ ಮದುಮಗಳಿಗೆ ಅರಿಶಿನ ಹಚ್ಚಿ ಎರೆಯುವ ಸುರಗಿ ಸ್ನಾನಕ್ಕೆ ಹಂಡೆ ಒಲೆಯ ಮೇಲಿತ್ತು. ಕಟ್ಟಿಗೆ ಸಾಲಲಿಲ್ಲ. ದೊಡ್ಡವ್ವ ಶಾವಿಗೆ ಮಣೆಯನ್ನು ಎಳೆದು ತಂದು, ಚೆಂಡು ಹೂವಿನ ಸರ ಬಿಡಿಸಿ ಬದಿಗಿಟ್ಟು, ಅಡುಗೆಯವನ ಕೈಗೆ ಕೊಡಲಿ ಕೊಟ್ಟಳು. ಎಣ್ಣೆ ಕುಡಿದ ಹಳೆಯ ಕಟ್ಟಿಗೆ, ಚೆನ್ನಾಗಿ ಉರಿಯಿತು. ನೀರು ಬೇಗ ಕಾಯಿತು.